ಅರ್ಧ ಮಾತಿನ ಮನೆ

ಆ ಮನೆಯಲ್ಲಿ ಯಾರೂ ಒಂದು ಮಾತನ್ನು ಒಂದೇ ಸಲಕ್ಕೆ ಆಡಿ ಮುಗಿಸಿದ್ದು ಕಡಿಮೆ. ಕೆಳಗೆ ಸೋಫಾ ಅಂಗಡಿ, ಮೇಲೆ ಮನೆ, ನಡುವೆ ಮರದ ಹಲಗೆಯ ನೆಲ, ಮೆಟ್ಟಿಲ ಕೆಳಗೆ ಕಂಪ್ರೆಸರ್. ಬಟ್ಟೆಗೆ ಪಿನ್ ಹೊಡೆಯುವ ಗನ್ನಿಗೆ ಗಾಳಿ ಒದಗಿಸುವ ಯಂತ್ರ ಅದು. ಟ್ಯಾಂಕಿನ ಗಾಳಿ ಇಳಿದ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಶುರುವಾಗುತ್ತಿತ್ತು, ತುಂಬಿದ ಮೇಲೆ ತಾನಾಗಿಯೇ ನಿಲ್ಲುತ್ತಿತ್ತು. ನಡುವಿನ ಎರಡು ನಿಮಿಷ ಎದುರಿಗಿದ್ದವರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಹೀಗಾಗಿ ಅದು ಶುರುವಾದರೆ ಎಲ್ಲರೂ ಮಾತನ್ನು ಇದ್ದಲ್ಲೇ ನಿಲ್ಲಿಸಿ, ಅದು ನಿಂತ ಮೇಲೆ ಬಿಟ್ಟ ಪದದಿಂದಲೇ ಎತ್ತಿಕೊಳ್ಳುತ್ತಿದ್ದರು. "ಬೇಳೆಗೆ ಉಪ್ಪು" ಎಂದು ಅತ್ತೆ ಬಾಯಿ ಮುಚ್ಚಿದರೆ "ಹಾಕಿಲ್ಲ" ಎಂಬುದು ಎರಡು ನಿಮಿಷದ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಮಾವನ ಊಟ ಮುಗಿದಿರುತ್ತಿತ್ತು.

ಜಗಳಗಳೂ ಹಾಗೆಯೇ. ಗಂಡ ಹೆಂಡತಿ ಮುಖ ಕೆಂಪು ಮಾಡಿಕೊಂಡು ಎದುರುಬದುರು ನಿಂತಿರುವಾಗ ಕೆಳಗಿನಿಂದ ಗುಡುಗುಡು ಶುರುವಾದರೆ ಇಬ್ಬರೂ ಸುಮ್ಮನೆ ಗೋಡೆ ನೋಡುತ್ತ ನಿಲ್ಲಬೇಕು. ಆ ಹೊತ್ತಿನಲ್ಲಿ ಅರ್ಧ ಸಿಟ್ಟು ಇಳಿದುಹೋಗಿ, ಉಳಿದರ್ಧವನ್ನು ಎತ್ತಿಕೊಳ್ಳಲು ಬೇಸರವಾಗಿ, ಚಹಾ ಮಾಡಿ ಕುಡಿದುಬಿಡುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಮೂರು ವರ್ಷದಲ್ಲಿ ಅವಳ ಮಾತೂ ಅರ್ಧಕ್ಕೆ ನಿಂತು ಮುಂದುವರಿಯುವುದನ್ನು ಕಲಿತಿತ್ತು.

ಅವಳ ಮಗನಿಗೆ ಈಗ ಹತ್ತು ತಿಂಗಳು. ಮಾವ ಅವನನ್ನು 'ಯಜಮಾನ' ಎಂದು ಕರೆಯುತ್ತಿದ್ದರು. ಕಾರಣವಿತ್ತು. ಬಂದ ನೆಂಟರೆಲ್ಲ ಬೆಚ್ಚಿಬೀಳುವ ಆ ಕಂಪ್ರೆಸರ್ ಸದ್ದಿಗೆ ಈ ಮಗು ಒಂದು ದಿನವೂ ಅತ್ತಿರಲಿಲ್ಲ. ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದವನು ಸದ್ದು ಶುರುವಾದ ಕೂಡಲೇ ತಲೆ ಎತ್ತಿ, ಎರಡೇ ಹಲ್ಲು ತೋರಿಸಿ ನಗುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಮಾವ ಮೇಲೆ ಕರೆದುಕೊಂಡು ಬಂದು ಈ ನಗು ತೋರಿಸುತ್ತಿದ್ದರು. ಕಸುಬಿನ ಸದ್ದು ಗುರುತು ಹಿಡಿಯುತ್ತಾನೆ, ಹುಟ್ಟಿನಿಂದಲೇ ಅಂಗಡಿಯವನು ಎಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ.

ಸೊಸೆಗೆ ಮಾತ್ರ ಒಳಗೊಳಗೇ ಒಂದು ಅನುಮಾನ ಕೊರೆಯುತ್ತಿತ್ತು. ಬೆನ್ನ ಹಿಂದೆ ನಿಂತು ಕರೆದರೆ ಮಗು ತಿರುಗುತ್ತಿರಲಿಲ್ಲ. ಗಿಲಕಿ ಅಲ್ಲಾಡಿಸಿದರೆ ಕಣ್ಣಿಗೆ ಬಿದ್ದಾಗ ಮಾತ್ರ ಕೈ ಚಾಚುತ್ತಿತ್ತು. ಒಂದು ಸಂಜೆ ಬಟ್ಟೆ ಮಡಿಸುತ್ತ ಆ ಮಾತನ್ನು ಬಾಯಿಬಿಟ್ಟು ಆಡಿಯೇಬಿಟ್ಟಳು.

"ಇವನಿಗೆ ಕಿವಿ ಕೇಳಿಸುತ್ತೋ ಇಲ್ವೋ ಅಂತ ನಂಗೆ ಅನುಮಾನ ಅತ್ತೆ. ಒಂದ್ಸಲ ಡಾಕ್ಟರಿಗೆ ತೋರಿಸೋಣ."

"ಬಿಡ್ತು ಅನ್ನು," ಎಂದು ಅತ್ತೆ ಮಡಿಸಿದ ಟವೆಲನ್ನು ಕೊಡವಿ ಮತ್ತೆ ಮಡಿಸಿದರು. ಹೆತ್ತ ತಾಯಿಯ ಬಾಯಲ್ಲಿ ಬರುವ ಮಾತೇ ಇದು ಎಂದು ಗದರಿದರು. ಕೆಳಗಿನಿಂದ ಊಟಕ್ಕೆ ಬಂದ ಮಾವ ವಿಷಯ ಕೇಳಿ ಕೋಪ ಮಾಡಿಕೊಳ್ಳಲಿಲ್ಲ, ನಕ್ಕುಬಿಟ್ಟರು. ಕಿವಿ ಕೇಳದ ಮಗು ಕಂಪ್ರೆಸರ್‌ಗೆ ನಗುತ್ತದೆಯೇನಮ್ಮ ಎಂದರು. ಅವರ ಮಾತಿಗೆ ಸಾಕ್ಷಿ ಹೇಳುವಂತೆ ಆಗಲೇ ಅದು ಶುರುವಾಯಿತು, ಮಗು ತಲೆ ಎತ್ತಿ ನಕ್ಕಿತು. ಅವಳೂ ನಕ್ಕಳು. ಅನುಮಾನ ಮಾತ್ರ ಹೋಗಲಿಲ್ಲ.

ಆ ವಾರವೇ ಅವಳ ಗಂಡ ಒಂದು ಪೆಟ್ಟಿಗೆ ತಂದು ಊಟದ ಹೊತ್ತಿಗೆ ಮೇಜಿನ ಮೇಲಿಟ್ಟ. ಬ್ಯಾಟರಿಯಿಂದ ನಡೆಯುವ ಪಿನ್ ಗನ್ನು, ಎರಡು ಬ್ಯಾಟರಿ, ಒಂದು ಚಾರ್ಜರ್. ಗ್ರಂಥಾಲಯದ ನೂರಿಪ್ಪತ್ತು ಕುರ್ಚಿಗಳಿಗೆ ಹೊಸ ಬಟ್ಟೆ ಹಾಕುವ ಕೆಲಸ ಒಪ್ಪಿಕೊಂಡಿದ್ದ. ಕುರ್ಚಿಗಳೆಲ್ಲ ನೆಲಕ್ಕೆ ಬೋಲ್ಟ್ ಆದವು, ಅಲ್ಲೇ ಹೋಗಿ ಮಾಡಬೇಕು, ಓದುವವರು ಕೂತಿರುವಾಗಲೇ ಮಾಡಬೇಕು. ಕಂಪ್ರೆಸರ್ ತಂದರೆ ಬಾಗಿಲಲ್ಲೇ ತಡೆಯುವುದಾಗಿ ಅಲ್ಲಿನವರು ಹೇಳಿದ್ದರು. ಹತಾರದ ಅಂಗಡಿಯವನು ಎರಡು ವಾರ ಇಟ್ಟುಕೊಂಡು ನೋಡಿ, ಬೇಡವಾದರೆ ತಂದುಕೊಡಿ ಎಂದಿದ್ದ.

ಮಾವ ಕೈ ತೊಳೆದು ಬಂದು ಬಲಗೈಯಲ್ಲಿ ಹಳೆಯ ಗಾಳಿ ಗನ್ನು, ಎಡಗೈಯಲ್ಲಿ ಹೊಸದನ್ನು ಹಿಡಿದು ತೂಗಿ ನೋಡಿದರು.

"ಹಳೇದು ಕೈಯಲ್ಲಿ ಇದೆ ಅಂತಾನೂ ಗೊತ್ತಾಗಲ್ಲ. ನಿನ್ನದು ಇಟ್ಟಿಗೆ. ದಿನಕ್ಕೆ ಸಾವಿರ ಪಿನ್ ಹೊಡೆಯೋನಿಗೆ ಇಟ್ಟಿಗೆ ಕೊಡ್ತೀಯಾ?"

"ಪೈಪ್ ಇಲ್ವಲ್ಲಪ್ಪ. ಎಲ್ಲಿ ಬೇಕಾದ್ರೂ ತಗೊಂಡು ಹೋಗ್ಬಹುದು."

"ನಾನೆಲ್ಲಿಗೆ ಹೋಗ್ಲಿ? ನಂಗೆ ಅಂಗಡಿ ಇದೆ."

ಮಗ ಬಿಡಲಿಲ್ಲ. ಆ ಪೈಪಿಗೆ ಎಡವಿಯೇ ಅಮ್ಮ ಹೋದ ವರ್ಷ ಮೊಣಕಾಲು ಒಡೆದುಕೊಂಡಿದ್ದನ್ನು ನೆನಪಿಸಿದ. ಪೈಪಿನ ಕೀಲುಗಳಲ್ಲಿ ಸೋರುವ ಗಾಳಿ ತುಂಬಿಸಲಿಕ್ಕೇ ಯಂತ್ರ ಅರ್ಧ ದಿನ ಓಡುತ್ತದೆ ಎಂದ. ಗಾಳಿ ಗನ್ನಿಗೆ ಮೂರು ವರ್ಷಕ್ಕೊಮ್ಮೆ ಒಂದು ರಬ್ಬರ್ ಬಳೆ ಬದಲಾಯಿಸಿದರೆ ಮತ್ತೆ ಹೊಸದಾಗುತ್ತದೆ, ನಿನ್ನ ಬ್ಯಾಟರಿ ಸತ್ತರೆ ಎತ್ತಿ ಎಸೆಯಬೇಕಷ್ಟೆ ಎಂದು ಮಾವ ಮಾರುತ್ತರ ಕೊಟ್ಟರು. ಕಂಪ್ರೆಸರನ್ನು ಹೊರಗಿಡೋಣ ಎಂಬ ಮಾತೂ ಬಂತು. ಹಿಂದೆ ಪಕ್ಕದ ಮನೆಯ ಗೋಡೆ, ಮುಂದೆ ರಸ್ತೆ, ಇಡುವುದೆಲ್ಲಿ? ಆಲೂಗಡ್ಡೆ ಪಲ್ಯ ಆರಿ ತಣ್ಣಗಾಯಿತು. ಅತ್ತೆ ತಟ್ಟೆಗಳನ್ನು ಸದ್ದು ಮಾಡಿ ಎತ್ತಿದರು.

ಆಗ ಸೊಸೆ ಬಾಯಿ ಹಾಕಿದಳು. "ಎರಡು ವಾರ ಎಲ್ಲಾ ಕೆಲಸ ಬ್ಯಾಟರಿಯಲ್ಲೇ ಮಾಡಿ ನೋಡೋಣ ಮಾವ. ಕಂಪ್ರೆಸರ್ ಪೂರ್ತಿ ಬಂದ್ ಇಟ್ಟು."

ಮಾವ ಅವಳತ್ತ ನೋಡಿದ ನೋಟ ಅವಳಿಗೆ ಬಹಳ ದಿನ ನೆನಪಿತ್ತು. ಯಾವ ಮಾತಿನಲ್ಲೂ ಅವಳು ಮಾವನ ಪಕ್ಷ. ಅವರೂ ಅವಳನ್ನು ಬಿಟ್ಟುಕೊಟ್ಟವರಲ್ಲ. ತನ್ನ ಕಾರಣ ಬೇರೆ, ತನಗೆ ಬೇಕಾಗಿರುವುದು ಮಗುವನ್ನು ಕರೆದು ನೋಡಲು ಎರಡು ವಾರದ ನಿಶ್ಶಬ್ದ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಅತ್ತೆ ಮತ್ತೆ ಬಿಡ್ತು ಅನ್ನು ಎನ್ನುತ್ತಿದ್ದರು.

"ನೀನೂ ಹಾಗೇ ಅಂದ್ಮೇಲೆ ಮುಗೀತು," ಎಂದು ಮಾವ ಕೆಳಗಿಳಿದು ಹೋಗಿ ಸ್ವಿಚ್ಚು ಆರಿಸಿದರು.

ಮರುದಿನದಿಂದ ಮನೆ ಬೇರೆಯೇ ಆಯಿತು. ನೀರಿನೊಳಗೆ ಮುಳುಗಿಸಿಟ್ಟ ಮನೆಯಂತೆ ಎಲ್ಲವೂ ನಿಧಾನವಾಗಿ, ದೂರದಿಂದ ಕೇಳತೊಡಗಿತು. ಕೆಳಗೆ ಮಾವನ ಕತ್ತರಿ ಬಟ್ಟೆಯನ್ನು ಸೀಳುತ್ತ ಹೋಗುವ ಸದ್ದು ಅಡುಗೆಮನೆಗೆ ಬರುತ್ತಿತ್ತು. ಮೂಲೆಯ ನಲ್ಲಿ ಹನಿ ಹನಿಯಾಗಿ ಸೋರುತ್ತಿದ್ದುದು ಇಷ್ಟು ವರ್ಷದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರೆ ಆ ಗಂಟೆ ರಸ್ತೆಯ ಕೊನೆಯವರೆಗೂ ಸಣ್ಣಗಾಗುತ್ತ ಹೋಗುವುದು ಕೇಳುತ್ತಿತ್ತು. ಅಂಗಡಿಯ ಕಿಟಕಿಯ ಬಿಸಿಲಲ್ಲಿ ಸ್ಪಂಜಿನ ಪುಡಿ ತೇಲುತ್ತಿತ್ತು. ಗಾಳಿ ಊದಿ ಗುಡಿಸುವ ಪೈಪು ಈಗ ಬಂದ್ ಆಗಿದ್ದರಿಂದ ಅದಕ್ಕೆ ಕೆಳಗಿಳಿಯುವ ಅವಸರವೇ ಇರಲಿಲ್ಲ. ಸೊಸೆ ಕೈಯಲ್ಲಿ ಸೊಪ್ಪು ಹಿಡಿದು ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು.

ಸಂಸಾರಕ್ಕೆ ಮಾತ್ರ ಈ ನಿಶ್ಶಬ್ದ ಒಗ್ಗಲಿಲ್ಲ. ಮೊದಲನೆಯದಾಗಿ, ಜಗಳಕ್ಕೆ ಬಿಡುವೇ ಇಲ್ಲದಂತಾಯಿತು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅತ್ತೆ ಮಾವ ಇಬ್ಬರೂ ಒಂದು ಜಗಳವನ್ನು ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಆಡಿ ಮುಗಿಸಿದ್ದು ಆ ವಾರವೇ. ವಿಷಯ ಒಂದು ಸೋರುವ ನಲ್ಲಿ. ಮುಗಿದ ಮೇಲೆ ಎರಡು ದಿನ ಮಾತಿಲ್ಲ. ಇನ್ನೊಂದೆಂದರೆ, ಎಲ್ಲರೂ ಹಳೆಯ ಅಭ್ಯಾಸದಂತೆ ಕೂಗಿಯೇ ಮಾತಾಡುತ್ತಿದ್ದರು. ಮಾವ ಗುಟ್ಟು ಹೇಳಿದರೆ ಬೀದಿಗೇ ಕೇಳುತ್ತಿತ್ತು. ಗಂಡ ಬೆಳಗ್ಗೆ ಬ್ಯಾಟರಿ ಗನ್ನು ಹೆಗಲಿಗೆ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದವನು, ಅಲ್ಲಿ ಪಿಸುಮಾತಾಡಿ ಅಭ್ಯಾಸವಾಗಿ, ಮನೆಗೆ ಬಂದು ಎಲ್ಲರಿಗೂ ಶ್ ಎನ್ನತೊಡಗಿದ. ಅಂಗಡಿಯ ಕೆಲಸಕ್ಕೆಂದು ಅವನು ಆಮೇಲೆ ತಂದ ಇನ್ನೊಂದು ಬ್ಯಾಟರಿ ಗನ್ನು ಮಾವನ ಪಾಲಿಗೆ ಬಂದಿತ್ತು. ಅವರು ಸಂಜೆ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು, ಯಾರಿಗೂ ಕಾಣದಂತೆ ಕೂರುತ್ತಿದ್ದರು. ಸೊಸೆಗೆ ಮಾತ್ರ ಕಂಡಿತು.

ಮಗು ರಚ್ಚೆ ಹಿಡಿಯಿತು. ಹಗಲು ನಿದ್ದೆಯಿಲ್ಲ, ಚಾಪೆಯ ಮೇಲೆ ಬಿಟ್ಟರೆ ಅಂಗೈಯಿಂದ ನೆಲ ಬಡಿದು ಅಳು. ಅತ್ತೆಗೆ ಇದು ಗೆದ್ದಷ್ಟೇ ಖುಷಿ.

"ಸದ್ದು ಇಲ್ಲ ಅಂತ ಹುಡುಕ್ತಿದಾನೆ ನೋಡು. ಕಿವಿ ಇಲ್ದೋನು ಸದ್ದು ಹುಡುಕ್ತಾನಾ?"

ಸೊಸೆ ದಿನಕ್ಕೆ ಹತ್ತು ಸಲ ಹಿಂದಿನಿಂದ ಕರೆದು ನೋಡುತ್ತಿದ್ದಳು. ಮೆಲ್ಲಗೆ, ಜೋರಾಗಿ, ಮಾವ ಕರೆದಂತೆ ಯಜಮಾನ ಎಂದು. ಅವನು ತಿರುಗುತ್ತಿರಲಿಲ್ಲ. ಆದರೆ ಸ್ಟೀಲ್ ತಟ್ಟೆ ಕೈಜಾರಿ ನೆಲಕ್ಕೆ ಬಿದ್ದಾಗ ಸರ್ರನೆ ತಿರುಗಿದ. ಕೇಳುತ್ತದೆಯೋ ಇಲ್ಲವೋ? ದಿನಕ್ಕೆ ಎರಡೆರಡು ಸಲ ಅವಳ ಎದೆ ಹಗುರಾಗಿ ಮತ್ತೆ ಭಾರವಾಗುತ್ತಿತ್ತು. ಎರಡು ವಾರದ ನಿಶ್ಶಬ್ದ ಕೇಳಿ ಪಡೆದವಳಿಗೆ ಉತ್ತರ ಮಾತ್ರ ಸಿಗಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಮಗು ಎಷ್ಟು ಅತ್ತಿತೆಂದರೆ ಮಾವನಿಗೆ ತಡೆಯಲಾಗಲಿಲ್ಲ. ಮಾತು ಮಾತೇ, ಆದರೆ ಮಗುವನ್ನು ಅಳಿಸಿಕೊಂಡು ನಿಮ್ಮ ಪರೀಕ್ಷೆ ಬೇಡ ಎಂದು ಗೊಣಗುತ್ತ ಹೋಗಿ ಕಂಪ್ರೆಸರ್ ಹಾಕಿದರು. ಸೊಸೆ ಆಗ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಂಗಡಿಯಲ್ಲೇ ನಿಂತಿದ್ದಳು, ಯಂತ್ರದಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಗುಡುಗುಡು ಶುರುವಾಯಿತು. ಇಷ್ಟು ದಿನದ ಮೌನದ ಮೇಲೆ ಅದು ಅವಳಿಗೇ ಕಿವಿ ಮುಚ್ಚಿಕೊಳ್ಳುವಂತೆ ಬಡಿಯಿತು. ಮಗು ಅಳುತ್ತಲೇ ಇತ್ತು. ತಿರುಗಿ ನೋಡಲಿಲ್ಲ.

ಅವಳು ಮೆಲ್ಲಗೆ ಬಗ್ಗಿ ಮಗುವನ್ನು ಮೆಟ್ಟಿಲ ಬುಡದ ಹಲಗೆಯ ಮೇಲೆ ಕೂರಿಸಿದಳು. ಮಗುವಿನ ಅಳು ನಿಂತಿತು. ತಲೆ ಎತ್ತಿ, ಎರಡು ಹಲ್ಲು ತೋರಿಸಿ ನಕ್ಕಿತು. ಎತ್ತಿಕೊಂಡಳು, ನಗು ಹೋಯಿತು. ಕೂರಿಸಿದಳು, ನಕ್ಕಿತು. ಮತ್ತೆ ಎತ್ತಿಕೊಂಡಳು.

ಮಾವ ಸ್ವಿಚ್ಚಿನ ಪಕ್ಕದಲ್ಲಿ ನಿಂತು ಮೂರು ಸಲವೂ ನೋಡಿದರು. ಬಗ್ಗಿ ತಮ್ಮ ಅಂಗೈಯನ್ನು ಹಲಗೆಯ ಮೇಲೆ ಇಟ್ಟು ನೋಡಿದರು. ಹಲಗೆ ನಡುಗುತ್ತಿತ್ತು. ಅವರೇ ಸ್ವಿಚ್ಚು ಆರಿಸಿದರು. ಇಷ್ಟು ದಿನ ಊರಿಗೆಲ್ಲ ತೋರಿಸಿದ ನಗು ಕಿವಿಯದಲ್ಲ, ಕಾಲ ಕೆಳಗಿನ ನೆಲದ್ದು ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿದಿತ್ತು.

"ನಾಳೆನೇ ಡಾಕ್ಟರ ಹತ್ರ ಹೋಗೋಣಮ್ಮ," ಎಂದರು ಮಾವ. "ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ ತಲೆಗೆ ಸಣ್ಣ ಸಣ್ಣ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಹುಟ್ಟಿನಿಂದಲೇ ಬಹಳ ಮಂದ. ಪೂರ್ತಿ ಹೋಗಿಲ್ಲ, ಸ್ವಲ್ಪ ಉಳಿದಿದೆ, ಕಿವಿಗೆ ಮೆಷಿನ್ ಹಾಕಿ ನೋಡೋಣ ಎಂದರು ಡಾಕ್ಟರು. ಮಾವ ಕೈಕಟ್ಟಿ ನಿಂತಿದ್ದವರು, ನಮ್ಮ ಕಂಪ್ರೆಸರಿನಿಂದ ಹೀಗಾಯಿತೇ ಎಂದು ಕೇಳಿದರು. ಇಲ್ಲ ಎಂದರು ಡಾಕ್ಟರು. ಮಾವ ಇನ್ನೊಮ್ಮೆ ಕೇಳಿದರು. ಡಾಕ್ಟರು ಸಮಾಧಾನದಿಂದಲೇ ಇನ್ನೊಮ್ಮೆ ಇಲ್ಲ ಎಂದರು. ಆಮೇಲೆ ಒಂದು ಮಾತು ಹೇಳಿದರು: ಮೆಷಿನ್ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ, ಗದ್ದಲದ ಮನೆಯಲ್ಲಿ ಮಾತು ಗದ್ದಲದೊಳಗೇ ಕಳೆದುಹೋಗುತ್ತದೆ, ಮನೆ ಆದಷ್ಟು ತಣ್ಣಗಿರಲಿ, ಹತ್ತಿರ ಕೂತು ಮಾತಾಡಿ. ಮೊದಮೊದಲು ಏನೂ ಗೊತ್ತಾಗದಿರಬಹುದು, ಮಗು ಕೇಳುವುದನ್ನು ಕಲಿಯಬೇಕು.

ಆ ಮಧ್ಯಾಹ್ನ ಅತ್ತೆ ಊಟ ಬಡಿಸಲಿಲ್ಲ. ಮೂಲೆಯಲ್ಲಿ ಕೂತು, ಬಿಡ್ತು ಅನ್ನು ಎಂದು ಸೊಸೆಯ ಬಾಯಿ ಮುಚ್ಚಿಸಿದ್ದನ್ನು ನೆನೆದು ಅತ್ತರು. ಸೊಸೆಯೇ ಎದ್ದು ಬಡಿಸಿ, ಅತ್ತೆಯ ತಟ್ಟೆಯನ್ನು ಅವರ ಮುಂದಿಟ್ಟು ಪಕ್ಕದಲ್ಲಿ ಕೂತಳು. ಅವಳಿಗೂ ಅಳು ಒತ್ತಿ ಬರುತ್ತಿತ್ತು. ಆದರೂ ಅನುಮಾನ ಕಳೆದದ್ದೇ ಒಂದು ಬಗೆಯ ನೆಮ್ಮದಿ. ಇನ್ನು ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ ಎನ್ನಿಸಿ ಅವಳು ತಿಂಗಳುಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮರುದಿನ ಮಾವ ಗಾಳಿ ಗನ್ನಿನ ಪೈಪು ಕಳಚಿ, ಸುರುಳಿ ಸುತ್ತಿ, ಗೂಟಕ್ಕೆ ನೇತುಹಾಕಿದರು. ಹತ್ತು ಹನ್ನೆರಡು ದಿನದ ಹಿಂದೆ ಇದಕ್ಕಾಗಿಯೇ ವಾದಿಸಿದ ಮಗ ಈಗ ಉಲ್ಟಾ ಹೊಡೆದ.

"ಬೇಡ ಅಪ್ಪ. ನಿನ್ನ ಕೈ ನೋಡು, ಊದಿದೆ. ಮಗು ಮಲಗಿದಾಗ ಗಾಳೀಲೇ ಹೊಡಿ."

"ಅವನು ಮಲಗಿದಾಗ ನಾನೂ ಮಲಗ್ತೀನಿ."

"ಇಟ್ಟಿಗೆ ಅಂತಿದ್ದೆ?"

"ಇಟ್ಟಿಗೆನೇ. ನಿಂಗೇನು, ಎತ್ತೋನು ನಾನು."

ಹಗುರ ಗನ್ನು ಬೇಕು ಎಂದು ಅಷ್ಟು ಪಟ್ಟು ಹಿಡಿದವರು ಆ ಭಾರದ್ದನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಪಿನ್ ಹೊಡೆಯುತ್ತ, ದಿನಕ್ಕೆ ಮೂರರ ಬದಲು ಎರಡು ಕುರ್ಚಿ ಮುಗಿಸತೊಡಗಿದರು. ಸೊಸೆ ಕೇಳಿಕೊಂಡಿದ್ದಕ್ಕೆ ಒಂದು ವಿನಾಯಿತಿ ಉಳಿಯಿತು. ಕಿವಿಯ ಮೆಷಿನ್ ಬಂದ ಮೇಲೂ ದಿನಾ ಸಂಜೆ ಅದನ್ನು ತೆಗೆದಿಟ್ಟು, ಮಗುವನ್ನು ಹಲಗೆಯ ಮೇಲೆ ಬೋರಲು ಮಲಗಿಸಿ, ಐದು ನಿಮಿಷ ಕಂಪ್ರೆಸರ್ ಓಡಿಸುತ್ತಿದ್ದರು. ಆ ಐದು ನಿಮಿಷದಲ್ಲಿ ಮಾವ ಪೈಪು ಹಿಡಿದು ಅಂಗಡಿಯ ಪುಡಿ ಊದುತ್ತಿದ್ದರು, ಮಗು ಕೆನ್ನೆಯನ್ನು ನೆಲಕ್ಕಿಟ್ಟು ಕಣ್ಣು ಅರೆಮುಚ್ಚಿ ತನಗೆ ಮಾತ್ರ ಗೊತ್ತಿರುವ ಯಾವುದೋ ಲೋಕದಲ್ಲಿ ಇರುತ್ತಿತ್ತು. ಅವಳೂ ಪಕ್ಕದಲ್ಲಿ ಕೆನ್ನೆಯಿಟ್ಟು ಮಲಗಿ ನೋಡಿದಳು. ಹಲಗೆ ಬೆಚ್ಚಗೆ ನಡುಗುತ್ತಿತ್ತು, ಹಲ್ಲಿನಲ್ಲಿ, ಕಣ್ಣ ಗೂಡಿನಲ್ಲಿ ಗುಂಯ್‌ಗುಟ್ಟುತ್ತಿತ್ತು. ನಿದ್ದೆಯೇ ಬಂದುಬಿಟ್ಟಿತು.

ಆದರೆ ಮೆಷಿನ್ ಹಾಕಿ ಮೂರು ವಾರವಾದರೂ ಮಗು ಯಾವ ದನಿಗೂ ತಿರುಗಲಿಲ್ಲ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಸ್ಪಂಜಿನ ರಾಶಿಯೊಳಗೆ ಎಸೆಯುತ್ತಿತ್ತು, ಎಲ್ಲರೂ ಕೆಲಸ ಬಿಟ್ಟು ಹುಡುಕುತ್ತಿದ್ದರು. ಮೊದಲು ಯಾವ ಮಾತು ಕೇಳಿಸಬೇಕು ಎಂಬುದಕ್ಕೂ ಮನೆಯಲ್ಲಿ ಪೈಪೋಟಿ ನಡೆದಿತ್ತು. ಅತ್ತೆ ಕಿವಿಯ ಹತ್ತಿರ ಅಜ್ಜಿ, ಅಜ್ಜಿ ಎನ್ನುತ್ತಿದ್ದರು. ಗಂಡ ಗ್ರಂಥಾಲಯದಿಂದ ಬಂದವನೇ ಅಪ್ಪ ಎಂದು ಶುರುಮಾಡುತ್ತಿದ್ದ. ಸೊಸೆ ಇಡೀ ದಿನ ಮಾಡುವ ಕೆಲಸವನ್ನೆಲ್ಲ ವರದಿ ಒಪ್ಪಿಸುತ್ತಿದ್ದಳು: ನೋಡು ಸೊಪ್ಪು ಬಿಡಿಸ್ತಿದೀನಿ, ನೋಡು ನಲ್ಲಿ ತಿರುಗಿಸ್ತಿದೀನಿ. ಮಾವ ಒಬ್ಬರೇ ಏನನ್ನೂ ಹೇಳುತ್ತಿರಲಿಲ್ಲ. ಉಳಿದಿದ್ದ ಸ್ವಲ್ಪವೂ ಇಲ್ಲವಾಗಿದ್ದರೆ ಎಂಬ ಹೆದರಿಕೆ ಅವಳಿಗೆ ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ ಬಂದು ಕೈ ಹಿಡಿಯುತ್ತಿತ್ತು.

ಅಂಥದ್ದೇ ಒಂದು ಬೆಳಗ್ಗೆ ಹನ್ನೊಂದರ ಹೊತ್ತು. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮಾವನಿಗೆ ಚಹಾ ತಂದಿದ್ದಳು. ಮಗು ಅವಳ ಹೆಗಲಿಗೆ ಗಲ್ಲವಿಟ್ಟು ರಸ್ತೆಯ ಬಿಸಿಲನ್ನು ನೋಡುತ್ತಿತ್ತು. ಮಾವ ಅತ್ತ ಬೆನ್ನು ಹಾಕಿ, ಒಂದು ದೊಡ್ಡ ಕುರ್ಚಿಯ ಮೂಲೆಯ ಮಡಿಕೆ ಹೊಡೆಯುತ್ತಿದ್ದರು. ಆ ಕೆಲಸದಲ್ಲಿ ಕಷ್ಟದ್ದು ಅದೊಂದೇ. ಬಟ್ಟೆಯನ್ನು ಮೂರು ಪದರ ಮಡಿಸಿ, ಎಡಗೈಯಿಂದ ಎಳೆದು ಹಿಡಿದು, ಉಸಿರು ಬಿಡುವಷ್ಟರಲ್ಲಿ ಐದು ಪಿನ್ ಇಳಿಸಬೇಕು. ಕೈ ಸಡಿಲವಾದರೆ ಮಡಿಕೆ ಬಿಚ್ಚಿಕೊಂಡು ಮತ್ತೆ ಮೊದಲಿನಿಂದ. ಮೂರು ಪಿನ್ ಇಳಿಯಿತು. ನಾಲ್ಕನೆಯದಕ್ಕೆ ಗನ್ನಿನ ಕೆಂಪು ದೀಪ ಮಿನುಗಿತು, ಟ್ರಿಗರ್ ಒತ್ತಿದರೆ ಉಸಿರೇ ಇಲ್ಲ. ಬ್ಯಾಟರಿ ಮುಗಿದಿತ್ತು. ಮಾವ ಎಡಗೈಯಲ್ಲಿನ ಮಡಿಕೆ ಬಿಡುವಂತಿಲ್ಲ, ಬಲಗೈಯಲ್ಲಿ ಇಟ್ಟಿಗೆ.

"ಥೂ, ದರಿದ್ರದ್ದೇ," ಎಂದರು ಅದಕ್ಕೆ. ಮೆಲ್ಲಗೇ ಎಂದರು. ಆದರೆ ಅವರ ಮೆಲುದನಿ ಕಂಪ್ರೆಸರಿನ ಕಾಲದ್ದು.

ಅವಳ ಹೆಗಲ ಮೇಲಿನ ಗಲ್ಲ ಎದ್ದಿತು. ಮಗು ರಸ್ತೆಯನ್ನು ಬಿಟ್ಟು ತಲೆ ತಿರುಗಿಸಿ ಮಾವನ ಬೆನ್ನನ್ನು ನೋಡಿತು. ಹುಬ್ಬು ಮೇಲೇರಿಸಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು, ಇನ್ನೇನೋ ಬರುವುದಿದೆ ಎಂಬಂತೆ ನೋಡುತ್ತಲೇ ಇತ್ತು. ಅವನ ಕಾಲು ನೆಲದ ಮೇಲಿರಲಿಲ್ಲ. ಏನೂ ಬಿದ್ದಿರಲಿಲ್ಲ, ಯಾರೂ ಅಲ್ಲಾಡಿರಲಿಲ್ಲ.

ಅವಳ ಕೈಯಲ್ಲಿದ್ದ ಚಹಾ ತುಳುಕಿ ಬೆರಳು ಸುಟ್ಟಿತು, ಅದು ಅವಳಿಗೆ ಆಮೇಲೆ ಗೊತ್ತಾಯಿತು. ಮಾವ ಇದೊಂದೂ ತಿಳಿಯದೆ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬ್ಯಾಟರಿ ಬದಲಾಯಿಸಲು ತಡಕಾಡುತ್ತಿದ್ದರು.

"ಮಾವ," ಎಂದಳು, ಅಳುತ್ತ, ನಗುತ್ತ. "ಅದನ್ನ ಇನ್ನೊಂದ್ಸಲ ಬೈಯಿರಿ."